ಹಳೇ ಕಾರಿಗೆ ಮೂರು ತರ ಪ್ಲಗ್ಗು, ಮೂರು ತರ ವೈರು ಹಾಕಿ ನೋಡಿದ್ದು

ನನ್ನ ಕಾರು ಹಳೇದು. ಕಾರ್ಬುರೇಟರ್ ಇರೋ ನಾಲ್ಕು ಸಿಲಿಂಡರ್ ಇಂಜಿನ್ನು, ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಸರದಿ ಪ್ರಕಾರ ಕರೆಂಟ್ ಹಂಚೋದು) ಒಳಗೆ ಇನ್ನೂ ಪಾಯಿಂಟೇ ಇದೆ, ಅಂದ್ರೆ ಕಿಡಿಗೋಸ್ಕರ ಕರೆಂಟ್ ಕಡಿಯೋ ಹಳೇ ಕಾಲದ ಸ್ವಿಚ್ಚು. ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸೋದು, ಐಡಲ್‌ನಲ್ಲಿ (ಗಾಡಿ ನಿಂತು ಇಂಜಿನ್ ಓಡ್ತಿರೋವಾಗ) ಮಿಸ್ ಹೊಡೆಯೋದು ಅಂದ್ರೆ ನಡುನಡುವೆ ಒಂದು ಸಿಲಿಂಡರ್ ಉರಿಯದೇ ಇರೋದು, ಏರು ಸಿಕ್ಕಿದ್ರೆ ಪಿಕಪ್ಪೇ ಇಲ್ದಿರೋದು, ಇದೆಲ್ಲಾ ಶುರುವಾದಾಗ ಎಲ್ರೂ ಹೇಳಿದ್ದು ಒಂದೇ ಮಾತು, ಇರಿಡಿಯಂ ಸ್ಪಾರ್ಕ್ ಪ್ಲಗ್ (ಇಂಜಿನ್ ಒಳಗೆ ಪೆಟ್ರೋಲಿಗೆ ಕಿಡಿ ಹಚ್ಚೋದು) ಹಾಕಿಬಿಡು ಅಂತ. ಹಾಕಿದೆ. ಆಮೇಲೆ ಪ್ಲಾಟಿನಂ, ಆಮೇಲೆ ಮಾಮೂಲಿ ಕಾಪರ್, ನಡುವೆ ಪ್ಲಗ್ಗಿಗೆ ಕರೆಂಟ್ ತರೋ ವೈರ್‌ಗಳನ್ನೂ ಎರಡು ಸಲ ಬದಲಾಯಿಸ್ದೆ. ನನಗೆ ಗೊತ್ತಾಗಿದ್ದು ಇಷ್ಟು, ಇಂಥ ಗಾಡೀಲಿ ದುಡ್ಡು ಹಾಕ್ಬೇಕಾಗಿರೋದು ವೈರಿಗೆ, ಪ್ಲಗ್ಗಿಗಲ್ಲ.

ಮೊದಲು ಇರಿಡಿಯಂ. ಇದರ ನಡುವಿನ ಎಲೆಕ್ಟ್ರೋಡ್ (ಕಿಡಿ ಹಾರೋ ತುದಿ) ಸೂಜಿ ತರ ಇರುತ್ತೆ, 0.4ರಿಂದ 0.6 ಮಿಮೀ ಅಷ್ಟೇ, ಮಾಮೂಲಿ ಪ್ಲಗ್ಗಲ್ಲಿ ಅದೇ ಸುಮಾರು 2.5 ಮಿಮೀ ದಪ್ಪ. ತುದಿ ಸಣ್ಣ ಆದಷ್ಟೂ ಕಡಿಮೆ ವೋಲ್ಟೇಜಲ್ಲಿ ಕಿಡಿ ಹಾರುತ್ತೆ, ಹಾಗಾಗಿ ಹಾಕಿದ ದಿನ ನಿಜವಾಗ್ಲೂ ಸ್ಟಾರ್ಟಿಂಗ್ ಚೆನ್ನಾಯ್ತು, ಒಂದೇ ಸೆಲ್ಫಿಗೆ ಹಿಡೀತು. ಆದ್ರೆ ನನ್ನ ಇಂಜಿನ್ ಸ್ವಲ್ಪ ಆಯಿಲ್ ಕುಡಿಯುತ್ತೆ, ಚೋಕ್ ಎಳೆದು (ಪೆಟ್ರೋಲ್ ಅಂಶ ಜಾಸ್ತಿ ಮಾಡಿ) ಓಡಿಸೋದೂ ಇರುತ್ತೆ, 4 ಸಾವಿರ ಕಿಮೀ ಆಗೋಷ್ಟರಲ್ಲಿ ಬಿಚ್ಚಿ ನೋಡಿದ್ರೆ ಎರಡು ಪ್ಲಗ್ ಪೂರ್ತಿ ಮಸಿ. ಮಾಮೂಲಿ ಪ್ಲಗ್ಗಾದ್ರೆ ವೈರ್ ಬ್ರಷ್ ಹಾಕಿ ಉಜ್ಜಿ, ಗ್ಯಾಪ್ (ಕಿಡಿ ಹಾರೋ ಸಂದು) ಸರಿ ಮಾಡಿ ವಾಪಸ್ ಹಾಕ್ತೀವಿ. ಆ ಸೂಜಿ ತುದಿಗೆ ಬ್ರಷ್ ಹಾಕಂಗಿಲ್ಲ, ಗ್ಯಾಪ್ ಅಳೆಯೋ ಗೇಜ್ ತೂರಿಸಿ ಮೀಟಿದ್ರೆ ಮುರಿದೇ ಹೋಗುತ್ತೆ. ಇರಿಡಿಯಂ ಕರಗೋದು 2,400 ಡಿಗ್ರಿ ಸೆಲ್ಸಿಯಸ್ ದಾಟಿದ್ಮೇಲೆ, ಅದಕ್ಕೇ ಅಷ್ಟು ಬಾಳಿಕೆ, ಸರಿ, ಆದ್ರೆ ಮಸಿ ಹಿಡಿಸೋ ಇಂಜಿನ್ನಲ್ಲಿ ಆ ಬಾಳಿಕೆ ಇಟ್ಕೊಂಡು ಏನ್ ಮಾಡೋದು.

ಪ್ಲಾಟಿನಂ ಬಗ್ಗೆ ಜಾಸ್ತಿ ಹೇಳೋದಿಲ್ಲ, ಓಡಿತು, ಕೆಟ್ಟದ್ದೇನಿಲ್ಲ, ಕಾಪರ್‌ಗಿಂತ ಏನೂ ವ್ಯತ್ಯಾಸ ನನ್ನ ಕಾಲಿಗೆ ಗೊತ್ತಾಗ್ಲಿಲ್ಲ.

ಇನ್ನು ಕಾಪರ್ ಪ್ಲಗ್. ಹೆಸರು ಕಾಪರ್ ಅಷ್ಟೇ, ತಾಮ್ರ ಇರೋದು ಒಳಗಡೆ, ಶಾಖ ಎಳ್ಕೊಂಡು ಹೋಗೋಕೆ, ಕಿಡಿ ಹಾರೋ ತುದಿ ನಿಕ್ಕಲ್ ಮಿಶ್ರಲೋಹದ್ದು. ಬೇಗ ಸವೆಯುತ್ತೆ ನಿಜ, ಆದ್ರೆ ಬಿಚ್ಚಿ ನೋಡಿ ಉಜ್ಜಿ ಹಾಕೋ ಅಭ್ಯಾಸ ಇರೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ಇಲ್ಲಿ ಲೋಹಕ್ಕಿಂತ ಮುಖ್ಯ ಹೀಟ್ ರೇಂಜ್, ಅಂದ್ರೆ ಪ್ಲಗ್ ತನ್ನ ಶಾಖಾನ ಎಷ್ಟು ಬೇಗ ಬಿಟ್ಟುಕೊಡುತ್ತೆ ಅನ್ನೋದು, ಬೇಗ ಬಿಟ್ರೆ ಕೋಲ್ಡ್, ನಿಧಾನಕ್ಕೆ ಬಿಟ್ರೆ ಹಾಟ್. ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ (BPR6ES) ಅಂದ್ರೆ ಬಿ 14 ಮಿಮೀ ಥ್ರೆಡ್, ಪಿ ಅಂದ್ರೆ ತುದಿ ಮುಂದಕ್ಕೆ ಚಾಚಿರೋದು, ಆರ್ ಅಂದ್ರೆ ಒಳಗೆ ರೆಸಿಸ್ಟರ್ ಇದೆ (ರೇಡಿಯೋ ಗದ್ದಲ ಕಮ್ಮಿ ಮಾಡೋಕೆ), 6 ಹೀಟ್ ರೇಂಜು, ಇ ಅಂದ್ರೆ 19 ಮಿಮೀ ಉದ್ದದ ಥ್ರೆಡ್. ಎನ್‌ಜಿಕೆ, ಡೆನ್ಸೋದಲ್ಲಿ ನಂಬರ್ ಏರಿದಷ್ಟೂ ಪ್ಲಗ್ ಕೋಲ್ಡ್, ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ, ನಂಬರ್ ಏರಿದ್ರೆ ಹಾಟ್. ಇದು ಗೊತ್ತಿಲ್ದೇ ಕಂಪನಿ ಬದಲಾಯಿಸಿದ್ರೆ ಒಂದೋ ಮಸಿ, ಇಲ್ಲಾ ನಾಕಿಂಗ್ (ಇಂಜಿನ್ ಒಳಗೆ ಬಡಿಯೋ ಸದ್ದು). ಗ್ಯಾಪ್ ಕೂಡ ಅಷ್ಟೇ, ಪಾಯಿಂಟ್ ಇರೋ ಗಾಡಿಗಳಿಗೆ ಸಾಮಾನ್ಯವಾಗಿ 0.6ರಿಂದ 0.8 ಮಿಮೀ ಇರುತ್ತೆ, ಎಲೆಕ್ಟ್ರಾನಿಕ್ ಇಗ್ನಿಷನ್ ಗಾಡಿ ತರ 1.1 ಇಟ್ರೆ ಹಳೇ ಕಾಯಿಲ್ಲಿಗೆ (ಬ್ಯಾಟರಿ ಕರೆಂಟನ್ನ ಸಾವಿರಾರು ವೋಲ್ಟಿಗೆ ಏರಿಸೋದು) ಶಕ್ತಿ ಸಾಲಲ್ಲ, ದಯವಿಟ್ಟು ಡಬ್ಬೀಲಿ ಬಂದ ಹಾಗೇ ಹಾಕ್ಬೇಡಿ, ಗೇಜ್ ಹಾಕಿ ನೋಡಿ, ನಿಮ್ಮ ಗಾಡಿ ಮ್ಯಾನುಯಲ್ ಹೇಳಿದ್ದೇ ಕೊನೇ ಮಾತು.

ಆದ್ರೆ ಪ್ಲಗ್ ಎಷ್ಟು ಬದಲಾಯಿಸಿದ್ರೂ ಆ ಮಿಸ್ಸಿಂಗ್ ಪೂರ್ತಿ ಹೋಗಿರ್ಲಿಲ್ಲ. ಒಂದು ರಾತ್ರಿ ಲೈಟೆಲ್ಲಾ ಆರಿಸಿ, ಬಾನೆಟ್ ಎತ್ತಿ, ಇಂಜಿನ್ ಓಡ್ತಾ ಇರೋವಾಗ ಸ್ಪ್ರೇ ಬಾಟಲಲ್ಲಿ ವೈರ್ ಮೇಲೆ ಹಗುರಕ್ಕೆ ನೀರು ಹೊಡ್ದೆ (ಕೈ ಮಾತ್ರ ಹತ್ರ ಒಯ್ಯಬೇಡಿ, ಅಲ್ಲಿರೋದು ಸಾವಿರಾರು ವೋಲ್ಟು). ಮೂರನೇ ಸಿಲಿಂಡರ್ ವೈರಿನ ಬಾಗಿದ ಜಾಗದಿಂದ ನೀಲಿ ಎಳೆ ಒಂದು ಚಟ್ ಚಟ್ ಅಂತ ಪಕ್ಕದ ಬೋಲ್ಟಿಗೆ ಹಾರ್ತಾ ಇತ್ತು. ಬಿಚ್ಚಿ ಮಲ್ಟಿಮೀಟರಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ಇರೋ ತಡೆ) ನೋಡಿದ್ರೆ ಉಳಿದ ವೈರುಗಳು 6ರಿಂದ 9 ಕಿಲೋಓಮ್ ಒಳಗೆ, ಅದೊಂದು 48. ಕಾರ್ಬನ್ ಕೋರ್ ವೈರ್‌ದು ಇದೇ ಕಥೆ, ಒಳಗೆ ಕಾರ್ಬನ್ ಹಚ್ಚಿರೋ ನಾರು, ಬಿಸಿಗೆ, ಎಳೆದಾಟಕ್ಕೆ ಒಳಗೇ ಕಡಿದು ಹೋಗುತ್ತೆ, ಹೊರಗಿಂದ ಹೊಸದರಂಗೇ ಕಾಣುತ್ತೆ. ಅದಕ್ಕೇ ಪ್ಲಗ್ ತೆಗೆಯೋವಾಗ ಬೂಟ್ (ವೈರ್ ತುದಿಯ ರಬ್ಬರ್ ಟೋಪಿ) ಹಿಡಿದು ತಿರುಗಿಸಿ ಎಳೀರಿ, ವೈರ್ ಹಿಡಿದು ಜಗ್ಗಬೇಡಿ.

ಅದರ ಜಾಗಕ್ಕೆ ಶುದ್ಧ ತಾಮ್ರದ ಎಳೆ ಇರೋ ವೈರ್ ಹಾಕ್ದೆ, ಕಿಡಿ ಜೋರು, ಆದ್ರೆ ರೇಡಿಯೋ ಹಾಕಿದ್ರೆ ಬರೀ ಟಕಟಕ, ಆಕ್ಸಲರೇಟರ್ ಒತ್ತಿದಷ್ಟೂ ಆ ಸದ್ದೂ ಓಡುತ್ತೆ. ರೆಸಿಸ್ಟರ್ ಇರೋ ಪ್ಲಗ್ ಹಾಕಿದ್ಮೇಲೆ ಕಮ್ಮಿಯಾಯ್ತು, ಪೂರ್ತಿ ಹೋಗ್ಲಿಲ್ಲ. ಕೊನೆಗೆ ಸ್ಪೈರಲ್ ವೈರ್, ಅಂದ್ರೆ ಸಣ್ಣ ತಂತೀನ ಸ್ಪ್ರಿಂಗ್ ತರ ಸುತ್ತಿರೋದು, ಮೇಲೆ ಸಿಲಿಕೋನ್. ರೆಸಿಸ್ಟೆನ್ಸ್ ಕಾರ್ಬನ್‌ಗಿಂತ ತುಂಬಾ ಕಮ್ಮಿ, ಆ ಸುತ್ತೇ ರೇಡಿಯೋ ಗದ್ದಲಾನೂ ತಡೆಯುತ್ತೆ. ಮಿಸ್ಸಿಂಗ್ ಅವತ್ತೇ ನಿಂತ್ಹೋಯ್ತು, ನನಗಾದ ಸಂತೋಷ ಹೇಳತೀರದು. 7 ಮಿಮೀನಾ 8 ಮಿಮೀನಾ ಅಂತ ತಲೆ ಕೆಡಿಸ್ಕೋಬೇಡಿ, ದಪ್ಪ ಬಹುಪಾಲು ಹೊರಗಿನ ಇನ್ಸುಲೇಷನ್ನಿಂದು.

ಹೊಸ ವಾಷರ್ ಇರೋ ಪ್ಲಗ್ಗನ್ನ ತಣ್ಣಗಿರೋ ಇಂಜಿನ್ನಿಗೆ ಮೊದ್ಲು ಕೈಯಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ, ಸಾಕು, ಅಲ್ಯೂಮಿನಿಯಂ ಹೆಡ್ (ಪ್ಲಗ್ ಕೂರೋ ಇಂಜಿನ್ ಮೇಲ್ಭಾಗ) ಆದ್ರಂತೂ ಜಾಸ್ತಿ ಬಲ ಹಾಕ್ಲೇಬೇಡಿ. ಈಗಿರೋ ಕಾಪರ್ ಪ್ಲಗ್ಗು, ಸ್ಪೈರಲ್ ವೈರು ಸೇರಿ 9 ಸಾವಿರ ಕಿಮೀ ಓಡಿದೆ. ಮೊನ್ನೆ ನಾಲ್ಕನ್ನೂ ಬಿಚ್ಚಿ ಪೇಪರ್ ಮೇಲೆ ಸಾಲಾಗಿ ಇಟ್ಟು ನೋಡ್ದೆ, ತುದಿ ನಾಲ್ಕೂ ತಿಳಿ ಕಂದು, ಮೂರನೇದರ ಥ್ರೆಡ್ ಹತ್ರ ಮಾತ್ರ ಸ್ವಲ್ಪ ಆಯಿಲ್ ಇತ್ತು, ಅದು ಇಂಜಿನ್ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗಿಂದ ಇಳಿದಿದ್ದು, ಮುಂದಿನ ಭಾನುವಾರ ಅದನ್ನ ಬದಲಾಯಿಸ್ತೀನಿ.