ಕಾರಿನೊಳಗಿನ ಮಿರರ್ ಅಂಟಿಸುವ ಕಿಟ್: ಮೂರು ಮಳೆಗಾಲ ಕಳೆದ ಮೇಲೆ

ಕಿರುಬೆರಳಿನಷ್ಟು ಟ್ಯೂಬಿಗೆ 420 ರೂಪಾಯಿ. ಅದನ್ನೂ ಎರಡು ಸಲ ಕೊಟ್ಟಿದ್ದೇನೆ. ಹಾಗಾಗಿ ಈ ವಿಮರ್ಶೆ ಸಿಟ್ಟಿನಿಂದಲೇ ಶುರುವಾಗುತ್ತದೆ. ಸಿಟ್ಟು ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಕಾರಿಗೆ ಆಗ 12 ವರ್ಷ. ಮಾರ್ಚ್ ತಿಂಗಳು, ಕಾಫಿ ಒಣಗಿಸುವ ಕಣದ ಪಕ್ಕ ಬಿಸಿಲಿನಲ್ಲೇ ನಿಲ್ಲಿಸಿದ್ದೆ. ಸಂಜೆ ಬಾಗಿಲು ತೆಗೆದರೆ ಮಿರರ್ ಸೀಟಿನ ಮೇಲೆ ಮಲಗಿತ್ತು. ಮಿರರ್ ನೇರವಾಗಿ ಗಾಜಿಗೆ ಅಂಟಿರುವುದಿಲ್ಲ. ಗಾಜಿಗೆ ಒಂದು ಸಣ್ಣ ಲೋಹದ ಬಿಲ್ಲೆ ಅಂಟಿರುತ್ತದೆ, ಮಿರರಿನ ಕಾಲನ್ನು ಅದಕ್ಕೆ ಸಿಕ್ಕಿಸಿ ಸ್ಕ್ರೂ ಬಿಗಿದಿರುತ್ತಾರೆ. ನಮ್ಮದು ಬಿಲ್ಲೆ ಸಮೇತ ಕಳಚಿ ಬಂದಿತ್ತು.

ಎಲ್ಲರ ಹಾಗೆ ನಾನೂ ಮೊದಲು ಅಂಗಡಿಯಲ್ಲಿ ಸರದ ಹಾಗೆ ತೂಗುಹಾಕಿರುವ ಐದು ರೂಪಾಯಿಯ ಗಮ್ಮು ತಂದೆ. ತಡೆದದ್ದು 11 ದಿನ. ಕುಶಾಲನಗರದ ದಾರಿಯಲ್ಲಿ ಒಂದು ಹಂಪ್ ಹತ್ತಿಳಿದ ಕೂಡಲೇ ಗೇರಿನ ಮೇಲೆ ಬಿತ್ತು. ಆ ಜಾತಿಯ ಗಮ್ಮು ಒಣಗಿದರೆ ಪೆಡಸು, ಬಿಸಿಲಿಗೂ ಕುಲುಕಾಟಕ್ಕೂ ತಡೆಯುವುದಿಲ್ಲ. ಎರಡು ಬದಿ ಅಂಟುವ ಟೇಪು ಎರಡೇ ದಿನ. ಗ್ಯಾರೇಜಿನಲ್ಲಿ ಕೇಳಿದರೆ, "ಎಪಾಕ್ಸಿ ಹಾಕಿಬಿಡುವ ಸಾರ್, ಕಾರು ಹೋದರೂ ಮಿರರ್ ಹೋಗಲ್ಲ" ಅಂದರು. ಅದೇ ನನಗೆ ಭಯ. ಮುಂದೊಂದು ದಿನ ಕೀಳುವಾಗ ಗಾಜೂ ಸೇರಿ ಕಿತ್ತು ಬಂದರೆ? ಹೊಸ ಮುಂದಿನ ಗಾಜಿಗೆ ಎಷ್ಟಾಗುತ್ತದೆ ಅಂತ ಕೇಳಿ ಸುಮ್ನೆ ಮನೆಗೆ ಬಂದೆ.

"ಪಕ್ಕದ ಎರಡು ಕನ್ನಡಿ ಇದೆಯಲ್ಲ, ಸಾಕು ಬಿಡಿ" ಅಂದಳು ಹೆಂಡತಿ. ಸರಿ ಅನಿಸಿತು. ಹೇಗೂ ಮಡಿಕೇರಿ ಸಂತೆಯ ದಿನ ಹಿಂದೆ ಚೀಲ ತುಂಬಿದರೆ ಮಿರರಿನಲ್ಲಿ ಕಾಣುವುದು ಚೀಲವೇ. ಮೂರು ತಿಂಗಳು ಹಾಗೆಯೇ ಓಡಿಸಿದೆ.

ಆಮೇಲೆ ಅಮ್ಮನನ್ನು ಸುಳ್ಯಕ್ಕೆ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗಬೇಕಾಯಿತು.

ಅಮ್ಮನಿಗೆ ಘಾಟಿ ಆಗಿಬರುವುದಿಲ್ಲ. ಆದರೆ ಬಾಯಿಬಿಟ್ಟು ನಿಲ್ಲಿಸು ಅಂತ ಹೇಳುವ ಪೈಕಿಯೂ ಅಲ್ಲ. ಹಿಂದಿನ ಸೀಟಿನ ಎಡ ಮೂಲೆಯಲ್ಲಿ ಕೂರುತ್ತಾರೆ, ಕೈಯಲ್ಲಿ ಲಿಂಬೆಹಣ್ಣು ಇರುತ್ತದೆ. ಹಣ್ಣು ಮಡಿಲಲ್ಲಿದ್ದರೆ ಎಲ್ಲ ಕ್ಷೇಮ. ಮೂಗಿನ ಹತ್ತಿರ ಬಂದರೆ ನಾನು ನಿಧಾನ ಮಾಡಬೇಕು. ಸೆರಗು ಬಾಯಿಗೆ ಹೋದರೆ ಸಿಕ್ಕಿದ ಜಾಗದಲ್ಲಿ ಬದಿಗೆ ಹಾಕಬೇಕು. ಇಷ್ಟು ವರ್ಷ ಇದನ್ನೆಲ್ಲ ನಾನು ಮಿರರಿನಲ್ಲಿ ನೋಡುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ! ಆ ದಿನ ಸಂಪಾಜೆ ಘಾಟಿ ಇಳಿಯುವಾಗ, ಮದೆನಾಡು ದಾಟಿ ಜೋಡುಪಾಲದ ತಿರುವಿನಲ್ಲಿ, ಹಿಂದಿನಿಂದ ಸದ್ದು ಬಂತು. ಆಗಲೇ ತಡವಾಗಿತ್ತು. ಮ್ಯಾಟನ್ನು ರಸ್ತೆ ಬದಿಯ ನೀರಿನಲ್ಲಿ ತೊಳೆದೆ. ಅಮ್ಮ ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಕಷ್ಟ ಅಲ್ವಾ.

ಅದೇ ರಾತ್ರಿ ಆನ್‌ಲೈನಿನಲ್ಲಿ ಕಿಟ್ ತರಿಸಿದೆ. ಸಣ್ಣ ಟ್ಯೂಬಿನಲ್ಲಿ ಗಮ್ಮು, ಜೊತೆಗೆ ಆಕ್ಟಿವೇಟರ್ ಅನ್ನುವ ಒಂದು ದ್ರವ. ಬಂದದ್ದು ಜುಲೈಯಲ್ಲಿ. ಕೊಡಗಿನ ಜುಲೈ ಗೊತ್ತಿದ್ದವರಿಗೆ ಮುಂದಿನ ಕಥೆಯೂ ಗೊತ್ತು. ಬಟ್ಟೆ ನಾಲ್ಕು ದಿನವಾದರೂ ಒಣಗದ ಕಾಲ, ಉಪ್ಪಿನ ಡಬ್ಬಿಯಲ್ಲಿ ನೀರು. ನಾನು ಶೆಡ್ಡಿನಲ್ಲಿ ನಿಂತು ಹಳೆಯ ಗಮ್ಮನ್ನು ಬ್ಲೇಡಿನಲ್ಲಿ ಕೆರೆದು, ಗಾಜನ್ನು ಪಂಚೆಯ ತುದಿಯಲ್ಲಿ ಒರೆಸಿ, ಬಿಲ್ಲೆ ಒತ್ತಿ, ಒಂದೇ ಗಂಟೆಯಲ್ಲಿ ಮಿರರ್ ಸಿಕ್ಕಿಸಿಬಿಟ್ಟೆ. ಬೆಳಿಗ್ಗೆ ಅದು ಮತ್ತೆ ಸೀಟಿನ ಮೇಲೆ.

ಈ ಕಿಟ್‌ಗೆ ಒಂದು ಸ್ಟಾರ್ ಕೊಡಲು ಫೋನ್ ಕೈಗೆತ್ತಿಕೊಂಡಿದ್ದೆ. ಬಿದ್ದ ಬಿಲ್ಲೆ ನೋಡಿದಾಗ ಸುಮ್ಮನಾದೆ. ಗಮ್ಮು ಪೂರ್ತಿ ಬಿಲ್ಲೆಯ ಮೇಲೆಯೇ ಇತ್ತು, ಗಾಜಿನ ಮೇಲೆ ಚೂರೂ ಇಲ್ಲ. ಅಂದರೆ ಲೋಹವನ್ನು ಹಿಡಿದಿದೆ, ಗಾಜನ್ನು ಹಿಡಿದಿಲ್ಲ. ಕಣ್ಣಿಗೆ ಕಾಣದಷ್ಟು ಪಸೆ ಗಾಜಿನಲ್ಲಿತ್ತು. ಚೀಟಿ ಬಿಡಿಸಿ ಓದಿದರೆ ಅದರಲ್ಲೇ ಇದೆ: ಗಾಜು ಒಣಗಿರಬೇಕು, ತಣ್ಣಗಿರಬಾರದು, ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ನಾನು ಓದಿರಲಿಲ್ಲ, ಅಷ್ಟೇ.

ಎರಡನೇ ಕಿಟ್‌ಗೆ ಮರ್ಯಾದೆ ಕೊಟ್ಟೆ. ವರಾಂಡದಿಂದ ವೈರ್ ಎಳೆದು ಹೆಂಡತಿಯ ಹೇರ್ ಡ್ರೈಯರ್ ತಂದೆ. ದೂರದಿಂದ ಆಡಿಸುತ್ತಾ ಗಾಜನ್ನು ಬೆಚ್ಚಗೆ ಮಾಡಿದೆ. ಒಂದೇ ಕಡೆ ಹಿಡಿದರೆ ಗಾಜು ಬಿರುಕು ಬಿಡಬಹುದು, ಜೋಪಾನ. ಸ್ಪಿರಿಟ್ ಹಾಕಿ ಒರೆಸಿ, ಬಿಲ್ಲೆಯ ಬೆನ್ನನ್ನೂ ಸಣ್ಣ ಉಜ್ಜುಕಾಗದದಲ್ಲಿ ತಿಕ್ಕಿದೆ. ಆಮೇಲೆ ಆಕ್ಟಿವೇಟರ್. ಅದು ಆರಿದ ಮೇಲೆ ಗಮ್ಮು ಒಂದೇ ಹನಿ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅಂತ ಇಲ್ಲ. ಈ ಗಮ್ಮು ಗಾಳಿ ಆಡದ ಸಂದಿನಲ್ಲಿ ಗಟ್ಟಿಯಾಗುವಂಥದ್ದು, ಅಂಚಿನಿಂದ ಹೊರಬಂದದ್ದು ಹಸಿಯಾಗಿಯೇ ಉಳಿಯುತ್ತದೆ. ಒಂದು ನಿಮಿಷ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೆ. ಬಿಲ್ಲೆಗೂ ತಲೆಕೆಳಗು ಇರುತ್ತದೆ, ಒತ್ತುವ ಮೊದಲೇ ನೋಡಿಕೊಳ್ಳಿ. ಆಮೇಲೆ ಒಂದು ದಿನ ಪೂರ್ತಿ ಕಾರಿನ ಹತ್ತಿರ ಯಾರನ್ನೂ ಬಿಡಲಿಲ್ಲ.

ಮೂರು ಮಳೆಗಾಲ, ಮೂರು ಮಾರ್ಚಿನ ಬಿಸಿಲು. ನಮ್ಮ ಮನೆಗೆ ಬರುವ ಮಣ್ಣು ರಸ್ತೆ. ಬಿಲ್ಲೆ ಅಲ್ಲಾಡಿಲ್ಲ. ಗಮ್ಮಿನ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಬೆಲೆಯ ಬಗ್ಗೆ ಇದೆ. ಒಂದು ಹನಿಯ ಕೆಲಸಕ್ಕೆ ಟ್ಯೂಬ್ ಪೂರ್ತಿ ಕೊಳ್ಳಬೇಕು. ಉಳಿದದ್ದನ್ನು ಬೀರುವಿನಲ್ಲಿ ಇಟ್ಟಿದ್ದೆ, ಪಕ್ಕದ ಮನೆಯವರು ಕೇಳಿದಾಗ ತೆಗೆದು ನೋಡಿದರೆ ಮೂತಿ ಕಟ್ಟಿಕೊಂಡು ಕಲ್ಲಾಗಿತ್ತು.

ಇನ್ನೊಂದು ತಪ್ಪು ಪೂರ್ತಿ ನನ್ನದು. ಮಿರರ್ ಇದ್ದ ಜಾಗವನ್ನು ಗಾಜಿನ ಹೊರಗಡೆ ಬಿಳಿ ಹಲಗೆಯ ಮಾರ್ಕರಿನಲ್ಲಿ ಗುರುತು ಹಾಕಿದ್ದೆ. ಎರಡು ಕಿಟ್‌ಗಳ ನಡುವೆ ಕಾರನ್ನು ಒಮ್ಮೆ ಹೊರಗೆ ತೆಗೆದೆ, ಮಳೆ ಅದನ್ನು ತೊಳೆದುಬಿಟ್ಟಿತು. ಎರಡನೇ ಸಲ ಕಣ್ಣಳತೆಯಲ್ಲಿ ಅಂಟಿಸಿದೆ. ಈಗ ಮಿರರ್ ಒಂದು ಬೆರಳಿನಷ್ಟು ಎಡಕ್ಕಿದೆ. ಹೆಂಡತಿ ಓಡಿಸುವಾಗ ಪ್ರತಿ ಸಲ ಬೈಯುತ್ತಾಳೆ. ಅವಳು ಗಿಡ್ಡ, ನಾನು ಉದ್ದ, ಬೆಳಿಗ್ಗೆ ಅವಳು ತಿರುಗಿಸಿದ್ದನ್ನು ಸಂಜೆ ನಾನು ತಿರುಗಿಸಬೇಕು. ಹೀಗೆ ತಿರುಗಿಸಿ ತಿರುಗಿಸಿ ಈಗ ಮಿರರಿನ ಕತ್ತೇ ಸಡಿಲವಾಗಿದೆ. ಬಿಲ್ಲೆ ಬಂಡೆಯ ಹಾಗೆ ನಿಂತಿದ್ದರೂ ಪ್ರತಿ ಹಂಪಿಗೂ ಮಿರರ್ ತಲೆ ತಗ್ಗಿಸುತ್ತದೆ, ನಾನು ಒಂದು ಬೆರಳಿನಲ್ಲಿ ಎತ್ತಿ ಕೂರಿಸುತ್ತೇನೆ. ಕಳೆದ ತಿಂಗಳು ಮತ್ತೆ ಸುಳ್ಯಕ್ಕೆ ಹೋದಾಗ ಘಾಟಿಯಲ್ಲಿ ಎಷ್ಟು ಸಲ ಎತ್ತಿದೆನೋ ಲೆಕ್ಕ ಇಲ್ಲ. ಎತ್ತಿದಾಗಲೆಲ್ಲ ಎಡ ಮೂಲೆ ನೋಡಿದೆ. ಲಿಂಬೆಹಣ್ಣು ಮಡಿಲಲ್ಲೇ ಇತ್ತು.