ಡಾಕ್ಟರ್ ಬರೆದ ಎರಡು ಸಾಲು: ಆಸ್ಪತ್ರೆಯ ಕಾನೂನು ನೆರವಿನ ಟೇಬಲ್, 14 ತಿಂಗಳ ಅನುಭವ

ನಮ್ಮ ಯಜಮಾನರು ಪೇಂಟಿಂಗ್ ಕೆಲಸದವರು. ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಬಿಪಿಎಲ್ ಕಾರ್ಡಿನ ಮೇಲೆ ಆಪರೇಷನ್ ಆಯಿತು. ಆದರೆ ಮನೆ ನಡೆಯಬೇಕಲ್ವಾ? ಕಂಟ್ರಾಕ್ಟರ್ ಫೋನೇ ಎತ್ತಲಿಲ್ಲ. ಆಗ ಸಿಸ್ಟರ್ ಒಬ್ಬರು, "ಓಪಿಡಿ ಪಕ್ಕ ಲಾಯರ್ ಕೂರ್ತಾರೆ, ಹೋಗಿಮ್ಮಾ" ಅಂದರು.

ಫೀಸ್ ಎಷ್ಟೋ ಅಂತ ಹೆದರಿದ್ದೆ. ಬಡವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಫೀಸ್ ಇಲ್ಲ. ಲಾಯರ್ ಮೇಡಂ ಡಿಸ್ಚಾರ್ಜ್ ಸಮರಿ ಪೂರ್ತಿ ಓದಿದರು. "ಮೂಳೆ ಮುರಿದಿದೆ ಅಂತ ಇದೆ. ಇನ್ಮುಂದೆ ಯಾವ ಕೆಲಸ ಆಗಲ್ಲ ಅಂತ ಎಲ್ಲಿದೆ?" ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಇಂಥ ಗಾಯಕ್ಕೆ ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ ಡಾಕ್ಟರೇ ಹೇಳಬೇಕಿತ್ತಂತೆ. ಮೇಡಂ ಆ ಕಾಗದ ಹಿಡಿದು ನಮ್ಮ ಜೊತೆ ಮೂಳೆ ವಿಭಾಗಕ್ಕೆ ಬಂದರು. ಡಾಕ್ಟರ್ ಇವರನ್ನು ಬಗ್ಗಿಸಿದರು, ಕೈ ಎತ್ತಿಸಿದರು. ಏಣಿ ಹತ್ತುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ ಅಂತ ಎರಡು ಸಾಲು ಬರೆದು ಸೀಲ್ ಹಾಕಿದರು. ಅವತ್ತು ನನಗೆ ಅಳು ಬಂತು.

ಅಂದಿನಿಂದ ಲಾಯರ್ ಹತ್ತಿರ ಹೋಗುವ ಹಿಂದಿನ ರಾತ್ರಿಯೇ ನೀಲಿ ಜಿಪ್ ಫೈಲ್ ತೆಗೆದು ಕೂರುತ್ತೇನೆ. ಎಕ್ಸ್‌ರೇ ಕೆಳಗೆ, ಚೀಟಿಗಳು ತಾರೀಖಿನ ಪ್ರಕಾರ, ಆ ಎರಡು ಸಾಲಿನ ಕಾಗದ ಎಲ್ಲಕ್ಕಿಂತ ಮೇಲೆ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್.

ಆದರೆ ಒಂದು ವಿಷಯ ತುಂಬಾ ನೋವು ಕೊಟ್ಟಿದೆ. 14 ತಿಂಗಳಲ್ಲಿ ಮೂರು ಜನ ಲಾಯರ್ ಬದಲಾದರು. ಪ್ರತಿ ಸಲ ಮೊದಲಿಂದ ಹೇಳಬೇಕು. ಎಲ್ಲಿ ಬಿದ್ದರು, ಯಾರು ಎತ್ತಿದರು... ಆಗೆಲ್ಲ ಇವರು ಗೋಡೆ ಕಡೆ ಮುಖ ತಿರುಗಿಸುತ್ತಾರೆ. ಟೇಬಲ್ ತೆರೆಯುವುದು ವಾರಕ್ಕೆ ಎರಡು ದಿನ, ಅದೂ ಬೆಳಿಗ್ಗೆ. ನಾನು ಗಾರ್ಮೆಂಟ್ಸ್‌ಗೆ ಹೋಗುವವಳು. ಒಂದು ದಿನ ಬಂದರೆ ಆ ದಿನದ ಸಂಬಳ ಕಟ್. ಎರಡು ಸಲ ಬಂದು ಸುಮ್ನೆ ಖಾಲಿ ಕುರ್ಚಿ ನೋಡಿಕೊಂಡು ಹೋಗಿದ್ದೇನೆ.

ಅಷ್ಟಾದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಬಿದ್ದ 2 ವರ್ಷದೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕು ಅನ್ನೋದೇ ನಮಗೆ ಗೊತ್ತಿರಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಇಂಥ ಟೇಬಲ್ ಇಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಈಗ ನಮ್ಮ ಕೇಸಿನಲ್ಲಿ ಸಾಕ್ಷಿ ಹಂತ. ಮುಂದಿನ ತಾರೀಖಿಗೆ ಓಪಿಡಿ ಮುಗಿಸಿ ಬರ್ತೀನಿ ಅಂತ ಅದೇ ಡಾಕ್ಟರ್ ಹೇಳಿದ್ದಾರೆ.