ಮರಿ ಡ್ರ್ಯಾಗನ್‌ಗೆ ಎರಡಡಿಯ ಗಾಜಿನ ಗೂಡು: ಕಾಸರಗೋಡಿನ ಸೆಕೆಗೆ ಸಾಲದು

ಬಿಯರ್ಡೆಡ್ ಡ್ರ್ಯಾಗನ್ (ಮನೆಯಲ್ಲಿ ಸಾಕುವ, ಆಸ್ಟ್ರೇಲಿಯಾ ಮೂಲದ ಓತಿ) ಮರಿ ಕೊಳ್ಳುವವರಿಗೆ ಅದರ ಜೊತೆಗೇ ಅಂಟಿಸುವ ‘ಬೇಬಿ ಕಿಟ್’ ಹೆಚ್ಚಾಗಿ 60×45×45 ಸೆಂಟಿಮೀಟರಿನ ಗಾಜಿನ ಟೆರೇರಿಯಂ. ಎದುರಿಗೆ ಎರಡು ಬಾಗಿಲು, ಮೇಲೆ ಲೋಹದ ಬಲೆ, ಹಿಂದೆ ಬಂಡೆಯಂತೆ ಕಾಣುವ ಫೋಮ್ ಹಲಗೆ. ಬಾಗಿಲು ಎದುರಿಗಿರುವುದು ಒಳ್ಳೆಯದೇ. ಮೇಲಿನಿಂದ ಕೈ ಇಳಿದರೆ ಮರಿ ಹದ್ದು ಎರಗಿತೆಂದೇ ಬೆದರುತ್ತದೆ. ತಕರಾರು ಇರುವುದು ಅಳತೆಯಲ್ಲಿ.

ಮರಿ ಚಿಕ್ಕದು, ಗೂಡೂ ಚಿಕ್ಕದಿರಲಿ ಎನ್ನುವ ಸಲಹೆ ಚಳಿಯ ದೇಶದ್ದು. ಅಲ್ಲಿ ಗೂಡನ್ನು ಬಿಸಿ ಮಾಡುವುದೇ ಕಷ್ಟ. ಉಪ್ಪಳ, ಕುಂಬಳೆಯ ಕಡೆ ತಂಪಿನ ಮೂಲೆ ಹುಡುಕುವುದು ಕಷ್ಟ. ಮರಿಗೆ ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 40ರಿಂದ 42 ಡಿಗ್ರಿ ಇರಬೇಕು, ಇನ್ನೊಂದು ತುದಿ 25ರ ಆಸುಪಾಸು. ಏಪ್ರಿಲ್‌ನಲ್ಲಿ ಕೋಣೆಯೇ 32 ಮುಟ್ಟಿರುವಾಗ ಎರಡಡಿಯ ಗೂಡಿನಲ್ಲಿ ಬಲ್ಬ್ ಉರಿಸಿದರೆ ಬಿಸಿ ತುದಿಯ ಕಾವು ತಂಪಿನ ತುದಿಗೂ ಹಬ್ಬುತ್ತದೆ. ಕಿಟ್ಟಿನ ಜೊತೆ 100 ವ್ಯಾಟ್ ಬಲ್ಬ್ ಬಂದಿದ್ದರೆ ಬದಿಗಿಟ್ಟು 50 ವ್ಯಾಟ್ ಹ್ಯಾಲೊಜನ್ ಹಾಕಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಕಲ್ಲಿನ ಮೇಲ್ಮೈಯನ್ನೇ ಅಳೆಯಿರಿ. ಬಲ್ಬಿನ ಕೆಳಗೆ ಮರಿ ಬಾಯಿ ತೆರೆದು ಕೂತರೆ ಹೆದರಬೇಡಿ, ಅದು ಸಹಜ. ದೂರದ ಮೂಲೆಯಲ್ಲೂ ಬಾಯಿ ಮುಚ್ಚದಿದ್ದರೆ ಓಡಿಹೋಗಲು ಅದಕ್ಕೆ ಜಾಗವಿಲ್ಲ ಎಂದರ್ಥ, ಬಲ್ಬ್ ತಕ್ಷಣ ಆರಿಸಿ. ರಾತ್ರಿ ಹೀಟರ್ ಇಲ್ಲಿ ಬೇಡವೇ ಬೇಡ.

ಬೆಳವಣಿಗೆಯ ಲೆಕ್ಕವೂ ಕಿಟ್ಟಿನ ಪರವಾಗಿಲ್ಲ. ಮೊಟ್ಟೆಯೊಡೆದಾಗ ಬಾಲ ಸೇರಿ ಸುಮಾರು 10 ಸೆಂಟಿಮೀಟರ್ ಇರುವ ಮರಿ ವರ್ಷದಿಂದ ಒಂದೂವರೆ ವರ್ಷದೊಳಗೆ 45ರಿಂದ 60 ಸೆಂಟಿಮೀಟರ್ ಆಗುತ್ತದೆ. ಈ ಪೆಟ್ಟಿಗೆ ನಾಲ್ಕೈದು ತಿಂಗಳಿಗೆ ಸಾಕು, ಅಷ್ಟೇ. ಬೆಳೆದದ್ದಕ್ಕೆ ಬೇಕಾಗುವ ಕನಿಷ್ಠ ಅಳತೆ 120×60×60, ಅಂದರೆ ನೆಲದ ವಿಸ್ತಾರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹಾಗಾದರೆ ಅದನ್ನೇ ಮೊದಲು ಮಾಡಿಸುವುದು ಮೇಲು.

ದೊಡ್ಡ ಗೂಡಿನಲ್ಲಿ ಮರಿಗೆ ಹುಳ ಸಿಗುವುದಿಲ್ಲ ಎನ್ನುವ ಆಕ್ಷೇಪ ಅರ್ಧ ನಿಜ. ತಿನ್ನಲು ಬಿಟ್ಟ ಕ್ರಿಕೆಟ್‌ಗಳು (ಮಿಡತೆಯಂಥ ಹುಳಗಳು) ಮೂಲೆ ಸೇರುತ್ತವೆ, ರಾತ್ರಿ ಮರಿಯನ್ನೇ ಕಚ್ಚುವುದೂ ಉಂಟು (ಕಿಟ್ಟಿನ ಫೋಮ್ ಬಂಡೆಯ ಸಂದುಗಳು ಅವಕ್ಕೆ ತವರುಮನೆ). ಅದಕ್ಕೆ ನಡುವೆ ಅಡ್ಡಹಲಗೆ ಹಾಕಬೇಡಿ, ತಂಪಿನ ತುದಿ ಮತ್ತೆ ಕೈತಪ್ಪುತ್ತದೆ. ಬೇರೆ ಪ್ಲಾಸ್ಟಿಕ್ ಡಬ್ಬದಲ್ಲಿ ಹತ್ತು-ಹದಿನೈದು ನಿಮಿಷ ತಿನ್ನಿಸಿ, ಹುಳ ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿರಬಾರದು. ಬಯಲೇ ಬಯಲಾದರೂ ಮರಿ ಅಂಜುತ್ತದೆ, ಹಾಗಾಗಿ ಎರಡೂ ತುದಿಗೆ ಅಡಗುತಾಣ ಇಡಿ.

ಮಾಡಿಸುವುದಕ್ಕೆ ಪೇಟೆಯ ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ ಅಂಗಡಿ ಸಾಕು. ಚೌಕಟ್ಟು ಅಲ್ಯೂಮಿನಿಯಂ, ಮೂರು ಬದಿ ಅಡುಗೆಮನೆಯ ಕಪಾಟಿಗೆ ಹಾಕುವ ಪಿವಿಸಿ ಬೋರ್ಡ್, ಎದುರಿಗೆ ಜಾರುವ ಗಾಜು. ಸಾದಾ ಪ್ಲೈ ನಮ್ಮ ಮಳೆಗಾಲಕ್ಕೆ ಉಬ್ಬುತ್ತದೆ. ಈ ಪ್ರಾಣಿಗೆ 30-40 ಶೇಕಡ ತೇವಾಂಶ ಹಿತ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಗಾಳಿಯಲ್ಲಿ ಅದರ ದುಪ್ಪಟ್ಟಿಗಿಂತ ಹೆಚ್ಚು ಇರುತ್ತದೆ. ಆದ್ದರಿಂದ ಒಂದು ಪಕ್ಕದ ಕೆಳಗೆ, ಎದುರು ಪಕ್ಕದ ಮೇಲೆ ಉದ್ದದ ಗಾಳಿಕಿಂಡಿ ಬಿಡಿಸಿ, ಬಲೆ ಹೊಡೆಸಿ. ಬಲ್ಬ್ ಬೋರ್ಡಿಗೆ ತಾಗುವಂತಿದ್ದರೆ ಬೋರ್ಡ್ ಕರಗುತ್ತದೆ. ಹೋಲ್ಡರ್ ಸೆರಾಮಿಕ್‌ನದೇ ಇರಲಿ. ನೆಲಕ್ಕೆ ಮರಳು ಬೇಡ, ಹುಳದ ಜೊತೆ ನುಂಗಿದರೆ ಕರುಳು ಕಟ್ಟುತ್ತದೆ. ಒರಟು ಟೈಲ್ಸ್ ಅಥವಾ ಪೇಪರ್ ಸಾಕು.

ಕಿಟಕಿ ಪಕ್ಕ ಇಟ್ಟರೆ ಯುವಿ ಲೈಟ್ ಬೇಡ ಎನ್ನುವ ಅಂಗಡಿಯವರ ಮಾತು ನಂಬಬೇಡಿ. ಗಾಜು ಈ ಪ್ರಾಣಿಗೆ ಬೇಕಾದ ಯುವಿಬಿ ಕಿರಣವನ್ನು (ಬಿಸಿಲಿನ ಒಂದು ಬಗೆಯ ಅತಿನೇರಳೆ ಕಿರಣ) ತಡೆಯುತ್ತದೆ, ಕಾವನ್ನು ಮಾತ್ರ ಒಳಗೆ ಹಿಡಿದಿಡುತ್ತದೆ. ಗೂಡಿನ ಅರ್ಧದಿಂದ ಮುಕ್ಕಾಲು ಉದ್ದದ ಟಿ5 (ತೆಳು ಗಾತ್ರದ) ಯುವಿಬಿ ಟ್ಯೂಬ್ ಬೇಕು, ಅದನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಬಲೆಯ ಮೇಲಿಟ್ಟ ಟ್ಯೂಬಿನ ಕಿರಣದ ಒಂದು ಪಾಲು ಬಲೆಯಲ್ಲೇ ಕಳೆಯುತ್ತದೆ. ಈ ಎರಡಡಿ ಗೂಡಿನಲ್ಲಿ ಕಲ್ಲನ್ನು ಸುಮಾರು 15 ಸೆಂಟಿಮೀಟರ್ ಎತ್ತರಿಸಿದರೆ ಟ್ಯೂಬಿಗೂ ಕಲ್ಲಿಗೂ ಇರುವ ಅಂತರ 30ಕ್ಕೆ ಇಳಿದು ಸರಿಹೊಂದೀತು.

ಇದೇ ಪೆಟ್ಟಿಗೆಯನ್ನು ಇಗ್ವಾನಾ ಮರಿಗೂ ಮಾರುತ್ತಾರೆ. ಅದು ಒಂದೂವರೆ ಮೀಟರ್ ಬೆಳೆಯುವ ಮರದ ಪ್ರಾಣಿ, ಅದಕ್ಕೆ ಎತ್ತರ ಬೇಕು. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿಯೂ ಆಗಬೇಕು.

ಗೂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ. ಇರುವೆಗೆಂದು ವಿಷದ ಚಾಕ್ ಎಳೆಯಬೇಡಿ, ಅದರ ಮೇಲೆ ಹರಿದ ಹುಳ ಕೊನೆಗೆ ಸೇರುವುದು ಮರಿಯ ಹೊಟ್ಟೆಯನ್ನೇ.